ಮಾಲೀಕರು ಹೊಸ ಹೊಸದಕ್ಕೆ ಕೈ ಹಾಕಿದಷ್ಟೂ ಸಣ್ಣ ಬಿಸಿನೆಸ್ ಬೆಳೆಯುತ್ತೆ ಅನ್ನೋದು ನಿಜಾನಾ?

ಎರಡನೇ ಪಾಳಿ:
ಎಲ್ರಿಗೂ ನಮಸ್ಕಾರ. ನಾನು ಲೇಬಲ್ ಪ್ರಿಂಟ್ ಮಾಡೋ ಒಂದು ಸಣ್ಣ ಯೂನಿಟ್ಟಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಜೊತೆಗೆ ಎಂಬಿಎ ಕೂಡ ಓದ್ತಿದೀನಿ. ಕ್ಲಾಸಲ್ಲಿ ಹೇಳ್ತಾರೆ, ಮಾಲೀಕರು ಹೊಸದು ಮಾಡ್ಬೇಕು, ರಿಸ್ಕ್ ತಗೋಬೇಕು, ಬೇರೆಯವ್ರು ಏಳೋದ್ರೊಳಗೆ ಮಾರ್ಕೆಟ್ಟಿಗೆ ಇಳೀಬೇಕು, ಹಂಗಿದ್ರೆ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪರ್ಫಾರ್ಮೆನ್ಸ್ ಚೆನ್ನಾಗಿರುತ್ತೆ ಅಂತ. ನಮ್ಮ ಯಜಮಾನ್ರಿಗೆ ಈ ಮೂರೂ ಗುಣ ಬೇಕಾದಷ್ಟಿದೆ ಸ್ವಾಮಿ, ಸೇಲ್ಸೂ ಏರ್ತಾನೇ ಇದೆ, ಆದ್ರೂ ಸಂಬಳದ ದಿನ ಬಂತು ಅಂದ್ರೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್, ಅಂದ್ರೆ ಖಾತೇಲಿ ಇರೋದಕ್ಕಿಂತ ಜಾಸ್ತಿ ತೆಗೆಯೋ ಸಾಲ) ಲಿಮಿಟ್ ಪೂರ್ತಿ ತುಂಬಿರುತ್ತೆ. ಪುಸ್ತಕ ತಪ್ಪಾ, ನಮ್ಮ ಯಜಮಾನ್ರು ತಪ್ಪಾ?

ಹಳೇ ಮೇಷ್ಟ್ರು:
ಎರಡೂ ಅಲ್ಲ. ನೀವು ಹೇಳಿದ ಮೂರು ಗುಣ 1983ರಲ್ಲಿ ಡ್ಯಾನಿ ಮಿಲ್ಲರ್ ಅನ್ನೋ ಸಂಶೋಧಕ ಹೇಳಿದ್ದು, 1996ರಲ್ಲಿ ಲಂಪ್ಕಿನ್ ಮತ್ತೆ ಡೆಸ್ ಅನ್ನೋ ಸಂಶೋಧಕರು ಇನ್ನೆರಡು ಸೇರಿಸಿದ್ರು: ಕೆಲಸದವ್ರಿಗೆ ಸ್ವಂತ ನಿರ್ಧಾರ ಮಾಡೋ ಅವಕಾಶ, ಪೈಪೋಟಿಗೆ ಬಿದ್ದು ಮುನ್ನುಗ್ಗೋದು. ಈಗ ಫಲಿತಾಂಶಕ್ಕೆ ಬರೋಣ. 2009ರಲ್ಲಿ ರೌಖ್, ವಿಕ್ಲಂಡ್ ಮತ್ತೆ ಜೊತೆಯವ್ರು 51 ಅಧ್ಯಯನ, ಅಂದ್ರೆ 14,259 ಕಂಪನಿಗಳ ಮಾಹಿತಿ ಒಟ್ಟುಹಾಕಿ ನೋಡಿದ್ರು, ಈ ಗುಣಕ್ಕೂ ಪರ್ಫಾರ್ಮೆನ್ಸ್‌ಗೂ ಕೋರಿಲೇಶನ್ (ಎರಡು ವಿಷಯ ಎಷ್ಟು ಜೊತೆಜೊತೆಗೆ ಏರಿಳಿಯುತ್ತೆ ಅನ್ನೋ ಅಳತೆ, ಪೂರ್ತಿ ತಾಳೆ ಆದ್ರೆ 1) ಬಂದಿದ್ದು ಸುಮಾರು 0.24. ಇದನ್ನ ವರ್ಗ ಮಾಡಿ ನೋಡಿ, 6 ಪರ್ಸೆಂಟ್ ಹತ್ರ ಬರುತ್ತೆ. ಅಂದ್ರೆ ಕಂಪನಿ ಕಂಪನಿಗೆ ಇರೋ ವ್ಯತ್ಯಾಸದಲ್ಲಿ ಈ ಗುಣದ ಜೊತೆ ತಾಳೆ ಆಗೋದು ಅಷ್ಟೇ, ಮಿಕ್ಕಿದ್ದೆಲ್ಲ ಬೇರೆ ಕಾರಣ. ಇಂಥಾ ವಿಷಯದಲ್ಲಿ 0.24 ಕಮ್ಮಿ ಏನಲ್ಲ, ಆದ್ರೆ ಕ್ಲಾಸಲ್ಲಿ ಹೇಳೋ ಜೋರಿಗೂ ಅದಕ್ಕೂ ಅಜಗಜಾಂತರ.

ಇನ್ನೊಂದು ವಿಷಯ, ಇಂಥಾ ಸರ್ವೆಗಳಲ್ಲಿ ಎಷ್ಟೋ ಸಲ "ನೀವು ರಿಸ್ಕ್ ತಗೋತೀರಾ" ಅನ್ನೋ ಪ್ರಶ್ನೆಗೂ "ಬಿಸಿನೆಸ್ ಹೆಂಗಿದೆ" ಅನ್ನೋ ಪ್ರಶ್ನೆಗೂ ಉತ್ತರ ಬರೆಯೋದು ಅದೇ ಮಾಲೀಕರು, ಮುಚ್ಚಿಹೋದ ಅಂಗಡಿಯವ್ರನ್ನ ಹುಡುಕಿ ಯಾರು ಫಾರಂ ತುಂಬಿಸ್ತಾರೆ ಹೇಳಿ.

ಸಾಲದ ಫೈಲು:
ಮೇಷ್ಟ್ರು ಥಿಯರಿ ಹೇಳಿದ್ರು, ನಾನು ಸಾಲದ ಅರ್ಜಿ ಓದೋನು. ಫೈಲ್ ಬಂದ್ರೆ ಸೇಲ್ಸ್ ಆಮೇಲೆ, ಮೊದಲು ಬರಬೇಕಾದ ಬಾಕಿ ಎಷ್ಟಿದೆ, ಸ್ಟಾಕ್ ಎಷ್ಟು ಕೂತಿದೆ ಅಂತ ನೋಡ್ತೀನಿ. ನಿಮ್ಮ ಲೈನಲ್ಲೇ ತಗೊಳ್ಳಿ, ಹೊಸ ಗಿರಾಕಿ, ಹೊಸ ಡಿಸೈನ್ ಅಂದ್ರೆ ಹೊಸ ಪ್ಲೇಟು, ಆಕಾರ ಬೇರೆ ಆದ್ರೆ ಹೊಸ ಡೈ (ಲೇಬಲ್ ಕತ್ತರಿಸೋ ಅಚ್ಚು), ಮಷಿನ್ ಸೆಟ್ ಮಾಡಿ ಬಣ್ಣ ಕೂರೋ ಹೊತ್ತಿಗೆ ಒಂದಷ್ಟು ರೋಲ್ ವೇಸ್ಟು, ಆರ್ಡರ್ ಚಿಕ್ಕದಿದ್ದಷ್ಟೂ ಈ ವೇಸ್ಟಿನ ಪಾಲು ಜಾಸ್ತಿ, ಪೇಪರ್ ಸಪ್ಲೈಯರ್ ಕೈಗೆ ಕಾಸು ಕೇಳ್ತಾನೆ, ಗಿರಾಕಿ ಅರವತ್ತು ದಿನದ ಉದ್ರಿ ಕೇಳ್ತಾನೆ. ಬಿಲ್ ಹಾಕಿದ ದಿನ ಸೇಲ್ಸ್ ಏರ್ತು, ದುಡ್ಡು ಎಲ್ಲಿ? ಬೆಳೆದಷ್ಟೂ ಈ ಗ್ಯಾಪ್ ದೊಡ್ಡದಾಗುತ್ತೆ. ಲಾಭದಲ್ಲಿದ್ದೂ ಕ್ಯಾಶ್ ಇಲ್ದೆ ಮುಗ್ಗರಿಸೋ ಯೂನಿಟ್‌ಗಳು ಹಿಂಗೇ ಆಗೋದು.

ಮೂರನೇ ತಲೆಮಾರು:
ನಮ್ದು ಹಳೇ ಬಿಸಿನೆಸ್ಸು, ಹೊಸದೇನೂ ಮಾಡದೆ ಅಣ್ಣ ಆರಾಮಾಗಿ ನಡೆಸ್ತಿದಾನೆ. ಈ ಉದ್ಯಮಶೀಲತೆ ಎಲ್ಲ ಭಾಷಣಕ್ಕೆ ಅಷ್ಟೇ.

ಹಳೇ ಮೇಷ್ಟ್ರು:
ನಿಮ್ಮ ಅಣ್ಣ ಮಾಡ್ತಿರೋದೂ ಸರಿ ಇರಬಹುದು. 1989ರಲ್ಲಿ ಕೋವಿನ್ ಮತ್ತೆ ಸ್ಲೆವಿನ್ 161 ಸಣ್ಣ ತಯಾರಿಕಾ ಕಂಪನಿಗಳನ್ನ ನೋಡಿ ಇದನ್ನೇ ಹೇಳಿದ್ದು, ಪೈಪೋಟಿ ಕಿತ್ತು ತಿನ್ನೋ ಕಡೆ ಸಾಹಸದ ಧೋರಣೆ ಇರೋರು ಚೆನ್ನಾಗಿದ್ರು, ತಣ್ಣಗಿರೋ ಮಾರ್ಕೆಟ್ಟಲ್ಲಿ ಹುಷಾರಾಗಿರೋರೇ ಚೆನ್ನಾಗಿದ್ರು. ಅಣ್ಣನ ಮಾರ್ಕೆಟ್ ಹಿಂಗೇ ತಣ್ಣಗಿರುತ್ತಾ ಅನ್ನೋದು ಬೇರೆ ಪ್ರಶ್ನೆ. ವಿಕ್ಲಂಡ್ ಮತ್ತೆ ಶೆಫರ್ಡ್ ಆಮೇಲೆ 2011ರಲ್ಲಿ ಇನ್ನೂ ಖಾರವಾಗಿ ಕೇಳಿದ್ರು: ಈ ಧೋರಣೆ ಸರಾಸರಿಯನ್ನ ಮೇಲೆತ್ತುತ್ತೋ, ಇಲ್ಲಾ ಗೆಲ್ಲೋರೂ ಜಾಸ್ತಿ ಮುಳುಗೋರೂ ಜಾಸ್ತಿ ಆಗೋ ಹಂಗೆ ಮಾಡುತ್ತೋ? ನನಗೆ ಎರಡನೇದೇ ಸರಿ ಅನ್ಸುತ್ತೆ. ಅದಕ್ಕೇ ರಿಸ್ಕ್ ತಗೋಬೇಕಾ ಬೇಡ್ವಾ ಅಂತ ಕೇಳೋದಕ್ಕಿಂತ, ಒಂದು ಪ್ರಯತ್ನ ಕೈಕೊಟ್ರೆ ಎಷ್ಟು ಹೋಗುತ್ತೆ ಅಂತ ಮುಂಚೆನೇ ಕೇಳ್ಬೇಕು. ಸರಸ್ ಸರಸ್ವತಿ ಅನ್ನೋ ಸಂಶೋಧಕಿ 2001ರಲ್ಲಿ ಬರೆದಿದ್ದು ಇದನ್ನೇ, ಎಷ್ಟು ಬರುತ್ತೆ ಅನ್ನೋ ಲೆಕ್ಕದ ಬದಲು ಎಷ್ಟು ಕಳ್ಕೊಂಡ್ರೆ ತಡ್ಕೋಬಹುದು ಅನ್ನೋ ಲೆಕ್ಕದಿಂದ ಶುರು ಮಾಡೋದು.

ಎರಡನೇ ಪಾಳಿ:
ತುಂಬಾ ಥ್ಯಾಂಕ್ಸ್. ಸ್ವಂತ ನಿರ್ಧಾರ ಅಂದ್ರಲ್ಲ ಮೇಷ್ಟ್ರೇ, ನಮ್ಮಲ್ಲಿ ಒಂದು ಚಿಕ್ಕ ಕೊಟೇಶನ್ ಹೋಗ್ಬೇಕಾದ್ರೂ ಯಜಮಾನ್ರೇ ನೋಡ್ಬೇಕು, ಅವ್ರು ಹೊಸ ಮಷಿನ್ ನೋಡೋಕೆ ಎಕ್ಸಿಬಿಶನ್‌ಗೆ ಹೋಗಿರ್ತಾರೆ, ಇಲ್ಲಿ ಹಳೇ ಗಿರಾಕಿ ಕಾದು ಕಾದು ಬೇರೆ ಕಡೆ ಕೊಟ್ಬಿಡ್ತಾನೆ. ಇದನ್ನ ಅವ್ರಿಗೆ ಹೇಳೋದು ಹೆಂಗೆ?

ಸಾಲದ ಫೈಲು:
ಬಾಯಲ್ಲಿ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ. ಒಂದು ಶೀಟ್ ಮಾಡಿ, ಹೊಸ ಕೆಲಸ ಒಂದೊಂದಕ್ಕೂ ಪ್ಲೇಟು, ಡೈ, ವೇಸ್ಟು, ದುಡ್ಡು ಕೈಗೆ ಬಂದ ತಾರೀಕು ಬರೀರಿ, ಪಕ್ಕದಲ್ಲೇ ತಪ್ಪಿಹೋದ ಹಳೇ ಆರ್ಡರ್‌ಗಳು. ಹಳೇ ಗಿರಾಕಿಯ ರಿಪೀಟ್ ಆರ್ಡರ್‌ಗೆ ಪ್ಲೇಟು, ಡೈ ಎರಡೂ ರೆಡಿ ಇರುತ್ತೆ ಅನ್ನೋದು ಅವ್ರಿಗೆ ಗೊತ್ತಿಲ್ದೆ ಏನಿಲ್ಲ, ಒಟ್ಟಿಗೆ ನೋಡಿರಲ್ಲ ಅಷ್ಟೇ. ರಿಪೀಟ್ ಆರ್ಡರಿನ ರೇಟ್ ನೀವೇ ಕೊಡೋಕೆ ಒಪ್ಪಿಗೆ ಕೇಳಿ ಮೊದಲು, ಅಲ್ಲಿಂದ ಶುರು ಮಾಡಿ. ಆ ಹೊಸ ಮಷಿನ್ ಟರ್ಮ್ ಲೋನಲ್ಲಿ (ವರ್ಷಗಟ್ಟಲೆ ಕಂತಲ್ಲಿ ತೀರಿಸೋ ಸಾಲ) ತಗೊಳ್ಳೋಕೆ ಹೇಳಿ, ಓಡಿ ದುಡ್ಡಲ್ಲಿ ಮಾತ್ರ ಬೇಡ.