ರೇಷ್ಮೆ ಬಿಚ್ಚಾಣಿಕೆ ತೊಟ್ಟಿಯ ನೀರಿನ ಉಷ್ಣತೆ ಒಂದೇ ಸಮ ನಿಲ್ಲುತ್ತಿಲ್ಲ

ಪ್ರಶ್ನೆ (ಶಿಡ್ಲಘಟ್ಟದ ರೀಲರ್):
ಗೂಡುಗಳಿಂದ ಒಟ್ಟಿಗೆ ಹಲವು ನೂಲು ಬಿಚ್ಚುವ ನಮ್ಮ ಮಲ್ಟಿ-ಎಂಡ್ ಯಂತ್ರದ ತೊಟ್ಟಿಯ ನೀರನ್ನು ಬಾಯ್ಲರ್ ಹಬೆ ಹರಿಯುವ ಕೊಳವೆಯಿಂದ ಕಾಯಿಸುತ್ತೇವೆ. ಥರ್ಮೋಸ್ಟಾಟನ್ನು 40 ಡಿಗ್ರಿಗೆ ಇಟ್ಟು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಜೋಡಿಸಿದ್ದರೂ ನೀರು 46ರವರೆಗೆ ಏರಿ ಮತ್ತೆ 36ಕ್ಕೆ ಇಳಿಯುತ್ತದೆ. ಏರಿದಾಗ ಗೂಡು ಅತಿಯಾಗಿ ಮೆತ್ತಗಾಗಿ ನೂಲಿನಲ್ಲಿ ಗಂಟು ಬರುತ್ತದೆ, ಇಳಿದಾಗ ಎಳೆ ಕಡಿಯುತ್ತದೆ. ಪಿಐಡಿ ಕಂಟ್ರೋಲರ್ (ಉಷ್ಣತೆ ಎಷ್ಟು ತಪ್ಪಿದೆ ಎಂದು ನೋಡಿ ಶಾಖವನ್ನು ಹೆಚ್ಚುಕಡಿಮೆ ಮಾಡುವ ಸಾಧನ) ಹಾಕಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ 1:
ಸರ್, ಮೊದಲು ಸೆನ್ಸರ್ ಎಲ್ಲಿದೆ ಎಂದು ನೋಡಿ. ಥರ್ಮೋಸ್ಟಾಟಿಗೆ ತೆರೆ, ಮುಚ್ಚು ಎಂಬ ಎರಡೇ ಆಜ್ಞೆಗಳು ಗೊತ್ತು. ಅದು 40 ಎಂದು ಓದಿ ವಾಲ್ವ್ ಮುಚ್ಚಿದ ಮೇಲೂ ಕೊಳವೆಯಲ್ಲಿ ಉಳಿದ ಹಬೆ ಮತ್ತು ಕಾದ ಲೋಹ ನೀರಿಗೆ ಶಾಖ ಕೊಡುತ್ತಲೇ ಇರುತ್ತವೆ. ಸೆನ್ಸರ್ ತೊಟ್ಟಿಯ ಮೂಲೆಯಲ್ಲಿ, ನೀರು ಅಲುಗಾಡದ ಕಡೆ ಇದ್ದರೆ ಈ ವಿಳಂಬ ಇನ್ನೂ ಹೆಚ್ಚುತ್ತದೆ. ಅದನ್ನು ಗೂಡುಗಳು ತೇಲುವ ಜಾಗದ ಹತ್ತಿರಕ್ಕೆ, ಆದರೆ ಕೊಳವೆಗೆ ತಾಗದಂತೆ ತನ್ನಿ.

ಉತ್ತರ 2:
ಪಿಐಡಿ ಉಪಯುಕ್ತವೇ, ಆದರೆ ವಿಳಂಬವನ್ನು ಅದು ಅಳಿಸುವುದಿಲ್ಲ. ಅದು ಬೇಕಾದ ಉಷ್ಣತೆಗೂ ನೀರಿನ ಉಷ್ಣತೆಗೂ ಈಗಿರುವ ವ್ಯತ್ಯಾಸವನ್ನು, ಕೂಡುತ್ತ ಬಂದ ವ್ಯತ್ಯಾಸವನ್ನು ಮತ್ತು ವ್ಯತ್ಯಾಸ ಬದಲಾಗುವ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಡಗಿನ ಚುಕ್ಕಾಣಿಯನ್ನು ತಾನಾಗಿ ತಿರುಗಿಸುವ ಬಗ್ಗೆ ಎಂಜಿನಿಯರ್ ಮಿನೋರ್ಸ್ಕಿ 1922ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಈ ಮೂರೂ ಅಂಶಗಳಿವೆ. ನೀರಿನ ತೊಟ್ಟಿಗೆ ಮೊದಲೆರಡು ಸಾಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ವಾಲ್ವ್ ಅರ್ಧ ತೆರೆಯಲಾರದು, ಆದ್ದರಿಂದ ಕಂಟ್ರೋಲರ್ ಕಾಲವನ್ನೇ ಹಂಚಬೇಕು: 20 ಸೆಕೆಂಡಿನ ಆವರ್ತದಲ್ಲಿ ಶೇ 30ರಷ್ಟು ಹಬೆ ಬೇಕಿದ್ದರೆ 6 ಸೆಕೆಂಡು ತೆರೆದು ಉಳಿದ ಹೊತ್ತು ಮುಚ್ಚಿರಬೇಕು. ಬೆಳಿಗ್ಗೆ ತಣ್ಣೀರಿನಿಂದ ಶುರು ಮಾಡುವಾಗ ಎಚ್ಚರವಿರಲಿ. ವಾಲ್ವ್ ಪೂರ್ತಿ ತೆರೆದೇ ಇರುವ ಆ ಹೊತ್ತಿನಲ್ಲಿ ಎರಡನೆಯ ಅಂಶ, ಅಂದರೆ ಕೂಡುತ್ತ ಬಂದ ವ್ಯತ್ಯಾಸ, ಬೆಳೆಯುತ್ತ ಹೋಗಿ, ನೀರು 40 ದಾಟಿದ ಮೇಲೂ ಹಬೆ ನಿಲ್ಲುವುದಿಲ್ಲ. 38ರವರೆಗೆ ಕೈಯಿಂದಲೇ ಕಾಯಿಸಿ ಆಮೇಲೆ ಆಟೋಗೆ ಹಾಕಿ, ಇಲ್ಲವೇ ಈ ಬೆಳವಣಿಗೆಗೆ ಮಿತಿ ಹಾಕುವ ಮಾದರಿಯನ್ನೇ ಕೇಳಿ ಕೊಳ್ಳಿ.

ಉತ್ತರ 3:
ಬಾಯ್ಲರಿಗೆ ಕೈಯಿಂದ ಸೌದೆ ಹಾಕುವುದಾದರೆ ಹಬೆಯ ಒತ್ತಡವೇ ಏರಿಳಿಯುತ್ತದೆ. ಆಗ ವಾಲ್ವ್ ಅಷ್ಟೇ ಹೊತ್ತು ತೆರೆದಿದ್ದರೂ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಶಾಖ ಬರುತ್ತದೆ. ಕಂಟ್ರೋಲರಿಗೆ ಇದು ತಿಳಿಯುವುದು ನೀರಿನ ಉಷ್ಣತೆ ಬದಲಾದ ಮೇಲಷ್ಟೇ. ಸೊಲೆನಾಯ್ಡಿಗೆ ಮುಂಚೆ ಒತ್ತಡ ತಗ್ಗಿಸುವ ವಾಲ್ವ್ ಒಂದನ್ನು ಕೂರಿಸಿ. ಅಂಗಡಿಯವರು ಕಂಟ್ರೋಲರ್ ಡಬ್ಬಿಯೊಂದನ್ನೇ ಮಾರುತ್ತಾರೆ, ಕೊಳವೆಯ ಈ ಕೆಲಸವನ್ನು ಫಿಟ್ಟರಿಗೆ ನೀವೇ ಹೇಳಿ ಮಾಡಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಸೆನ್ಸರ್ ಮೂಲೆಯಲ್ಲೇ ಇದೆ, ಬಾಯ್ಲರಿಗೆ ಸೌದೆಯನ್ನೇ ಹಾಕುತ್ತೇವೆ. ಮೊದಲು ಇವೆರಡನ್ನು ಸರಿಪಡಿಸಿ, ಕಂಟ್ರೋಲರ್ ವಿಚಾರವನ್ನು ಆಮೇಲೆ ನೋಡುತ್ತೇನೆ.