'ನಿಂತಿದೆ', 'ನಿಲ್ಲಿಸಿದೆ', 'ಆಫ್ ಉಂಟು': ಬೋರ್ಡಿಗೆ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇರುವುದು ಎರಡೇ ಸಾಲು, ಆದರೆ ನಾಲ್ಕು ದಿನದಿಂದ ಅದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಮಲ್ಪೆಯಲ್ಲಿ ನಮ್ಮ ಭಾವನದ್ದೊಂದು ಸಣ್ಣ ಶೆಡ್ಡು ಉಂಟು, ಮೀನು ಸಾಗಿಸುವ ಫ್ರೀಜರ್ ಗಾಡಿಗಳ ಕೂಲಿಂಗ್ ಯೂನಿಟ್ ರಿಪೇರಿ ಮಾಡುವುದು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳಿಗೆ ರಜೆ, ಹಾಗಾಗಿ ಗಾಡಿಯವರು ಯೂನಿಟ್ ಬಿಚ್ಚಿಸಲು ಬರುವುದೂ ಆಗಲೇ. ಸುರಿಯುವ ಮಳೆ, ಅಂಗಳವೆಲ್ಲ ನೀರು, ಕೆಲಸಕ್ಕೆ ಹೊಸ ಹುಡುಗರು. ಕಳೆದ ವಾರ ನಾನು ಅಲ್ಲಿ ಸುಮ್ನೆ ಕೂತಿದ್ದೆ. ಗಾಡಿ ಬಂದ್ ಇತ್ತು, ಬಾಡಿಯ ಮುಂದುಗಡೆ ಮೇಲೆ ಕೂತ ಯೂನಿಟ್ಟಿಂದಲೂ ಸದ್ದಿಲ್ಲ. ಭಾವ ಕೆಳಗಿಂದ "ಆಫ್ ಉಂಟಾ?" ಎಂದು ಕೇಳಿದರು. ಹುಡುಗ "ಹಾಂ, ಆಫ್ ಉಂಟು" ಎಂದು ಬಾಗಿಲು ತೆಗೆದು, ಬೆಲ್ಟು ಒರೆಸಲು ಬಟ್ಟೆ ಚಾಚಿದ. ಯೂನಿಟ್ ತಾನೇ ಸ್ಟಾರ್ಟ್ ಆಯಿತು! ಬಟ್ಟೆಯನ್ನು ಬೆಲ್ಟು ಕಿತ್ತುಕೊಂಡು ಹೋಗಿ ಪುಲ್ಲಿಗೆ ಸುತ್ತಿತು. ಕೈ ಉಳಿಯಿತು.

ಹುಡುಗ ಸುಳ್ಳು ಹೇಳಿರಲಿಲ್ಲ. ಆ ಯೂನಿಟ್ಟಿಗೆ ತನ್ನದೇ ಡೀಸೆಲ್ ಎಂಜಿನ್ ಉಂಟು, ಗಾಡಿಯ ಕೀಗೂ ಅದಕ್ಕೂ ಸಂಬಂಧ ಇಲ್ಲ. ಆಟೋ ಮೋಡ್‌ನಲ್ಲಿಟ್ಟರೆ ಬೇಕಾದಷ್ಟು ತಂಪಾದ ಮೇಲೆ ತಾನೇ ನಿಲ್ಲುತ್ತದೆ, ಒಳಗೆ ಬಿಸಿ ಏರಿದರೆ ತಾನೇ ಹೊರಡುತ್ತದೆ, ಇನ್ನು ಕೆಲವು ಯೂನಿಟ್‌ಗಳು ಬ್ಯಾಟರಿ ಇಳಿದರೂ ಸಾಕು, ಚಾರ್ಜ್ ಮಾಡಿಕೊಳ್ಳಲಿಕ್ಕೆಂದು ಹೊರಟುಬಿಡುತ್ತವೆ. ಹುಡುಗ ನೋಡಿದ್ದು ನಿಂತ ಯೂನಿಟ್ಟು. ಭಾವ ಕೇಳಿದ್ದು ನಿಲ್ಲಿಸಿದ ಯೂನಿಟ್ಟು. 'ಆಫ್ ಉಂಟು' ಎರಡನ್ನೂ ನುಂಗಿತು.

ನಮ್ಮಲ್ಲಿ ಈ ಜೋಡಿ ಮೊದಲೇ ಇದೆ ಅಲ್ವಾ? ನಿಲ್ಲು, ನಿಲ್ಲಿಸು. ತುಳುವಿನಲ್ಲೂ ಉಂತುನಿ, ಉಂತಾವುನಿ. ಅದಕ್ಕೇ ಬೋರ್ಡಿನಲ್ಲಿ "ಯೂನಿಟ್ ನಿಂತಿದ್ದರೆ ಸಾಲದು, ನಿಲ್ಲಿಸಿರಬೇಕು" ಎಂದು ಬರೆದೆ. ಭಾವನಿಗೆ ಹಿಡಿಸಿತು. ಆದರೆ ನಿಲ್ಲಿಸುವುದೆಂದರೆ ಇಲ್ಲಿ ಬರೀ ಸ್ವಿಚ್ಚಲ್ಲ, ಬ್ಯಾಟರಿಯ ನೆಗೆಟಿವ್ ವಯರನ್ನೂ ಬಿಚ್ಚಿಡಬೇಕು, ಬೇರೆ ಯಾರೂ ಬಂದು ಹಾಕದ ಹಾಗೆ ಬೀಗ ಹಾಕಿ ಚೀಟಿಯನ್ನೂ ನೇತುಹಾಕಬೇಕು. ಕರೆಂಟಿನ ಮೇಲೆ ಓಡುತ್ತಿದ್ದರೆ ಪ್ಲಗ್ಗೂ ಕೀಳಬೇಕು, ಅದೂ ಸ್ವಿಚ್ ಆಫ್ ಮಾಡಿದ ಮೇಲೆ. ಇಷ್ಟನ್ನೆಲ್ಲ ಹೇಳುವ ಒಂದು ಪದ ಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಹೇಳುವ 'ಲಾಕೌಟ್' ಎಂದರೆ ನಮ್ಮ ಪತ್ರಿಕೆ ಓದುವವರಿಗೆ ಮಾಲೀಕ ಕಾರ್ಖಾನೆ ಮುಚ್ಚಿದ್ದು. 'ಬೀಗಮುದ್ರೆ' ಎಂದರೆ ತೆರಿಗೆಯವರು ಬಂದ ಹಾಗೆ! ಕರೆಂಟಿನ ಲೈನ್‌ಮನ್‌ಗಳು 'ಎಲ್‌ಸಿ ತಗೊಂಡು' (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಸಿಕೊಂಡು) ಕಂಬ ಹತ್ತುತ್ತಾರಲ್ಲ, ಅಂಥ ಒಂದು ಮಾತು ಗಾಡಿ ಶೆಡ್ಡಿಗೂ ಬೇಕು.

ಚೀಟಿಗೆ ಸದ್ಯಕ್ಕೆ 'ನಿಲ್ಲಿಸಿದೆ' ಎಂದಷ್ಟೇ ಬರೆದು ಕೆಳಗೆ ಹೆಸರಿಗೆ ಜಾಗ ಬಿಟ್ಟಿದ್ದೇನೆ. 'ಯೂನಿಟ್ ನಿಲ್ಲಿಸಿದೆ' ಎಂದೂ ಆಗುತ್ತದೆ, 'ನಾನು ನಿಲ್ಲಿಸಿದೆ' ಎಂದೂ ಆಗುತ್ತದೆ. ನಿಲ್ಲಿಸಿದವನೇ ಬಂದು ಚೀಟಿ ತೆಗೆಯಬೇಕು ಎಂಬುದೇ ನಿಯಮವಾದ್ದರಿಂದ ಈ ಎರಡರ್ಥ ನನಗೆ ಇಷ್ಟವೇ. 'ನಿಲ್ಲಿಸಲಾಗಿದೆ' ಎಂದು ಬರೆದರೆ ಯಾರು ಎಂಬುದೇ ಮಾಯ. ವ್ಯಾಕರಣ ಬಲ್ಲವರು ಏನು ಹೇಳುತ್ತೀರಿ?

ಎರಡನೆಯದು, ಯೂನಿಟ್ಟಿನೊಳಗಿನ ತಂಪು ಮಾಡುವ ಗ್ಯಾಸಿನ ಮಾತು, 'ಗ್ಯಾಸ್ ಬಿಡು'. ಗದ್ದೆಗೆ ನೀರು ಬಿಡುವುದು ಒಳಕ್ಕೆ, ಟಯರಿನ ಗಾಳಿ ಬಿಡುವುದು ಹೊರಕ್ಕೆ. ಶೆಡ್ಡಿನಲ್ಲಿ ಎರಡಕ್ಕೂ ಇದೇ ಮಾತು. ಹೊಸಬ ತಪ್ಪು ತಿಳಿದು ವಾಲ್ವ್ ಬಿಚ್ಚಿದನೋ, ಮುಗಿಯಿತು. ಈ ಗಾಡಿಗಳಲ್ಲಿ ಜಾಸ್ತಿ ಇರುವ ಆರ್-404ಎ ಎಂಬ ಗ್ಯಾಸ್ ಹೊರಗಾಳಿಯಲ್ಲಿ ಸುಮಾರು ಮೈನಸ್ 46 ಡಿಗ್ರಿಗೇ ಕುದಿಯುತ್ತದೆ, ದ್ರವ ತಾಗಿದ ಚರ್ಮ ಹೆಪ್ಪುಗಟ್ಟುತ್ತದೆ. ಗಾಳಿಗಿಂತ ಭಾರ ಬೇರೆ, ಮುಚ್ಚಿದ ಬಾಡಿಯೊಳಗೆ ಸೋರಿದರೆ ತಳದಿಂದ ತುಂಬಿ ಉಸಿರು ಕಟ್ಟಿಸುತ್ತದೆ. ಹಾಗಾಗಿ ಒಳಕ್ಕಾದರೆ 'ತುಂಬು', ಸಿಲಿಂಡರಿಗೆ ವಾಪಸ್ ತೆಗೆಯುವುದಕ್ಕೆ ಮಳೆನೀರು ಹಿಡಿದಂತೆ 'ಹಿಡಿ', 'ಬಿಡು' ಬೇಡವೇ ಬೇಡ ಎಂದು ನನ್ನ ಯೋಚನೆ. 'ಗ್ಯಾಸ್ ಹಿಡಿಯಿತಾ?' ಎಂದರೆ ಹುಡುಗರು ಹೊಟ್ಟೆ ಮುಟ್ಟಿಕೊಂಡು ನಗುತ್ತಾರೆ, ಅದೊಂದು ತೊಂದರೆ.

ಈ ಗ್ಯಾಸ್ ತಾಗಿದ್ದಕ್ಕೂ 'ಕೈ ಸುಟ್ಟಿತು' ಎಂದೇ ಹೇಳುವುದು. ಕೇಳಿದವರು ಸುಟ್ಟ ಗಾಯವೆಂದು ಐಸು ಇಡಲು ಓಡುತ್ತಾರೆ. ಬೇಕಾದದ್ದು ಉಗುರುಬೆಚ್ಚನೆಯ ನೀರು, ಉಜ್ಜಲೇಬಾರದು, ಆಮೇಲೆ ಡಾಕ್ಟರು. 'ಮರಗಟ್ಟು' ಎಂದರೆ ಕಾಲು ಜೋಮು ಹಿಡಿದಷ್ಟೇ ಹಗುರ. ಘಟ್ಟದ ಮೇಲಿನವರಲ್ಲಿ, ಕಾಸರಗೋಡಿನ ಕಡೆ, ಇದಕ್ಕೆ ಬಾಯಲ್ಲಿ ಓಡಾಡುವ ಪದ ಏನಾದರೂ ಉಂಟಾ?

ಪೇಂಟರ್ ಶನಿವಾರ ಬರುತ್ತಾನೆ. ಅಷ್ಟರೊಳಗೆ ಬರೆದರೆ ಉಪಕಾರ.