ಕುಟುಂಬ ಯೋಜನೆ ಸಲಹೆ ಹೇಗಿತ್ತು ಅಂತ ಮಹಿಳೆಯರನ್ನು ಏನಂತ ಕೇಳಬೇಕು?

ಸಮುದಾಯ ಆರೋಗ್ಯ ಅಧಿಕಾರಿ, ಹಾವೇರಿ ಜಿಲ್ಲೆ
ನಮ್ಮ ಉಪಕೇಂದ್ರದಲ್ಲಿ ಯಾರಿಗೆ ಅಂತರಾ (ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ) ಇಂಜೆಕ್ಷನ್, ಯಾರಿಗೆ ಛಾಯಾ ಗರ್ಭನಿರೋಧಕ ಮಾತ್ರೆ, ಯಾರಿಗೆ ವಂಕಿ (ಕಾಪರ್-ಟಿ) ಅಂತ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ನಾವು ಕೊಟ್ಟ ಸಲಹೆ ಅವರಿಗೆ ಹೇಗನ್ನಿಸಿತು ಅನ್ನೋದಕ್ಕೆ ಕಾಲಂ ಇಲ್ಲ. "ಸಮಾಧಾನ ಆಯ್ತಾ ಅಕ್ಕಾ?" ಅಂತ ಕೇಳಿದರೆ ಎಲ್ಲರೂ "ಹೂಂ, ಚೆನ್ನಾಗಿ ಹೇಳಿದ್ರಿ" ಅಂತಾರೆ. ಆದರೆ ಮೂರು ತಿಂಗಳಾದ ಮೇಲೆ ಅವರಲ್ಲೇ ಕೆಲವರು ಎರಡನೇ ಇಂಜೆಕ್ಷನ್‌ಗೆ ಬರೋದಿಲ್ಲ. ಮುಟ್ಟು ಏರುಪೇರಾಯ್ತು ಅಂತ ಹೆದರಿರುತ್ತಾರೆ. ಹಾಗಾಗಬಹುದು ಅಂತ ಮೊದಲೇ ಅರ್ಥವಾಗಿದ್ದರೆ ಹೆದರುತ್ತಿರಲಿಲ್ಲ, ಅಲ್ವಾ? ಏನು ಕೇಳಿದರೆ ನಿಜ ಗೊತ್ತಾಗುತ್ತದೆ?

ಸಾರ್ವಜನಿಕ ಆರೋಗ್ಯ ಸಂಶೋಧಕಿ, ಬೆಂಗಳೂರು
ಸಮಾಧಾನದ ಬಗ್ಗೆ ಕೇಳಬೇಡಿ. ನಡೆದದ್ದನ್ನು ಕೇಳಿ. ಬೇರೆ ವಿಧಾನಗಳ ಬಗ್ಗೆ ಹೇಳಿದರಾ? ಅಡ್ಡಪರಿಣಾಮ ಹೇಳಿದರಾ? ತೊಂದರೆಯಾದರೆ ಏನು ಮಾಡಬೇಕು ಅಂತ ಹೇಳಿದರಾ? ಹಲವು ದೇಶಗಳ ಸಮೀಕ್ಷೆಗಳಲ್ಲಿ ಈ ಮೂರನ್ನು ಕೇಳುತ್ತಾರೆ. ಮೂರಕ್ಕೂ ಹೌದು ಅಂದರೆ ಮಾತ್ರ ಸರಿಯಾಗಿ ಮಾಹಿತಿ ಸಿಕ್ಕಿದೆ ಅಂತ ಲೆಕ್ಕ ಹಾಕುತ್ತಾರೆ. ಬೇಡವೆನಿಸಿದರೆ ಬೇರೆ ವಿಧಾನಕ್ಕೆ ಬದಲಾಯಿಸಬಹುದು ಅಂತ ಹೇಳಿದರಾ ಅನ್ನೋ ನಾಲ್ಕನೆಯದನ್ನೂ ಸೇರಿಸಿ.

ಇಬ್ಬರು ಮಕ್ಕಳ ತಾಯಿ, ರಾಯಚೂರು
ಮೇಡಂ, ಈ ನಾಲ್ಕಕ್ಕೂ ನಾನು ಹೌದು ಅಂತಲೇ ಹೇಳಬೇಕಾಗುತ್ತದೆ. ವಂಕಿ ಬಗ್ಗೆ ನನಗೆ ಎಲ್ಲ ಹೇಳಿದರು. ಆದರೆ ಹೇಳಿದ್ದು ಹೆರಿಗೆ ನೋವಿನಲ್ಲಿ ನರಳುತ್ತಿದ್ದಾಗ. ಬೇಡ ಅಂದೆ. "ಎರಡಾಯ್ತಲ್ಲ, ಇನ್ನೆಷ್ಟು ಬೇಕು?" ಅಂತ ಗದರಿದರು. ಆಮೇಲೆ ಸುಮ್ನೆ ಹೂಂ ಅಂದುಬಿಟ್ಟೆ. ನಿಮ್ಮ ಪ್ರಶ್ನೆಗಳಲ್ಲಿ ಇದು ಎಲ್ಲಿ ಬರುತ್ತದೆ?

ಸಂಶೋಧಕಿ, ಬೆಂಗಳೂರು
ನಿಮಗಾದದ್ದು ಅನ್ಯಾಯ. ಹೆರಿಗೆಯಾದ 48 ಗಂಟೆಯೊಳಗೆ ಹಾಕುವ ವಂಕಿ ಬಗ್ಗೆ ಬಸುರಿ ತಪಾಸಣೆಗೆ ಬಂದಾಗಲೇ ಮಾತಾಡಬೇಕು. ನೋವು ಜಾಸ್ತಿಯಾದಾಗ ಮೊದಲ ಸಲ ಕೇಳೋದೇ ತಪ್ಪು. ನೀವು ಹೇಳಿದ ಕೊರತೆಗೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ನಾಲ್ಕು ಬೇರೆ ಪ್ರಶ್ನೆಗಳನ್ನು ರೂಪಿಸಿದೆ. ನನ್ನನ್ನು ಗೌರವದಿಂದ ಕಂಡರಾ? ನನಗೆ ಮುಖ್ಯವಾದದ್ದನ್ನು ಹೇಳೋಕೆ ಬಿಟ್ಟರಾ? ನನ್ನ ಇಷ್ಟಕ್ಕೆ ಬೆಲೆ ಕೊಟ್ಟರಾ? ತೀರ್ಮಾನಕ್ಕೆ ಬೇಕಾದಷ್ಟು ಮಾಹಿತಿ ಕೊಟ್ಟರಾ? ಪ್ರತಿಯೊಂದಕ್ಕೂ 1ರಿಂದ 5 ಅಂಕ. ನಾಲ್ಕರಲ್ಲೂ 5 ಬಂದರೆ ಮಾತ್ರ ಚೆನ್ನಾಗಿತ್ತು ಅಂತ ಲೆಕ್ಕ.

ಹಾವೇರಿ ಮೇಡಂ, ಸಲಹೆ ಕೊಟ್ಟವರೇ ಇದನ್ನು ಕೇಳಬಾರದು. ಆಶಾ ಕಾರ್ಯಕರ್ತೆಯೂ ಬೇಡ, ಅವರೂ ಅದೇ ಊರಿನವರು. ಸಂತಾನಹರಣ ಆಪರೇಷನ್ ಆದವರಿಗೆ "ಮತ್ತೆ ಮಕ್ಕಳಾಗಲ್ಲ ಅಂತ ಮೊದಲೇ ಹೇಳಿದ್ರಾ?" ಅಂತ ತಪ್ಪದೇ ಕೇಳಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಆದವರು.

ಸಮುದಾಯ ಆರೋಗ್ಯ ಅಧಿಕಾರಿ, ಹಾವೇರಿ ಜಿಲ್ಲೆ
ಪಕ್ಕದ ಉಪಕೇಂದ್ರದವರಿಂದ ನಮ್ಮವರನ್ನು ಕೇಳಿಸುತ್ತೇನೆ, ಅವರ ಕಡೆಯವರನ್ನು ನಾನು ಕೇಳುತ್ತೇನೆ. ಒಂದು ತೊಡಕಿದೆ. ಬಹಳ ಜನ ಅತ್ತೆ ಜೊತೆಗೇ ಬರುತ್ತಾರೆ. ಅವರನ್ನು ಹೊರಗೆ ಕೂರಿಸಿ ಸೊಸೆಯನ್ನು ಮಾತ್ರ ಕೇಳೋದಕ್ಕೆ ನೀವೆಲ್ಲ ಏನು ಮಾಡ್ತೀರಿ?